ಬೋಳು ತಟ್ಟೆ

ಕಾಲೇಜಿನ ಪ್ರಯೋಗಾಲಯದಲ್ಲಿ ರಾಚಪ್ಪನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಅವನು ಭಟ್ಟಿ ಇಳಿಸಿದ ನಿಂಬೆಹುಲ್ಲಿನ ಎಣ್ಣೆಯೂ ಭಾಮೈದ ಪುಟ್ಟಮಾದನ ಎಣ್ಣೆಯೂ ಒಟ್ಟಿಗೇ ಪರೀಕ್ಷೆಗೆ ಬಂದಿದ್ದವು. ಗೆದ್ದ ಎಣ್ಣೆಯನ್ನು ಸಾಬೂನು ಕಾರ್ಖಾನೆಯವರು ವರ್ಷವಿಡೀ ಕೊಳ್ಳುತ್ತಾರೆ. ಸೋತವನ ಭಟ್ಟಿ ಆರಿದಂತೆಯೇ.

ಮೇಜಿನ ಮೇಲೆ ಎರಡು ಗಾಜಿನ ತಟ್ಟೆಗಳಿದ್ದವು. ಮುಚ್ಚಳಗಳ ಮೇಲೆ ಹೆಸರಿನ ಚೀಟಿ ಅಂಟಿಸಿದ್ದರು. ಪುಟ್ಟಮಾದನ ತಟ್ಟೆಯ ತುಂಬ ಏನೋ ಬೆಳ್ಳಗೆ, ಹುಲುಸಾಗಿ ಬೆಳೆದಿತ್ತು. ರಾಚಪ್ಪನದರಲ್ಲಿ ಅಂಚಿನಲ್ಲಷ್ಟೇ ಬೆಳೆದು, ಎಣ್ಣೆ ಹಾಕಿದ ನಡುಭಾಗವೆಲ್ಲ ಬೋಳಾಗಿತ್ತು.

"ಭಾವ, ನಿಮ್ದು ಯಾಕೋ ಮೊಳಕೇನೇ ಒಡ್ದಿಲ್ವಲ್ಲ," ಎಂದು ಪುಟ್ಟಮಾದ ನಕ್ಕ. "ಹುಲ್ಲು ಬೇಯ್ಸುದ್ರೋ, ಇಲ್ಲ ಲಂಟಾನ ಬೇಯ್ಸುದ್ರೋ?"

"ಹಲ್ಲು ಮುಚ್ಕಂಡು ಕೂತ್ಕೊ. ನೀನು ಚಡ್ಡಿ ಹಾಕೋಕ್ ಮುಂಚೆ ಎಣ್ಣೆ ಇಳ್ಸಿದೋನು ನಾನು."

"ಅದ್ಕೇ ನಿಮ್ ಹಂಡೆ ಸವೆದೋಗ್ಯದೆ," ಎನ್ನುತ್ತ ಅವನು ಟೀ ಕುಡಿಯಲು ಹೊರಗೆ ಹೋದ.

ರಾಚಪ್ಪನ ಮೈಯೆಲ್ಲ ಉರಿಯಿತು. ಎದ್ದ, ಕೂತ, ಮತ್ತೆ ಎದ್ದ. ಬಾಗಿಲ ಕಡೆ ಒಮ್ಮೆ ನೋಡಿ, ಎರಡೂ ತಟ್ಟೆಗಳ ಮುಚ್ಚಳಗಳನ್ನು ಅದಲುಬದಲು ಮಾಡಿಟ್ಟು ಬಂದು ಕುಳಿತ.

ಪುಟ್ಟಮಾದನ ಹಿಂದೆಯೇ ಪರೀಕ್ಷೆ ನಡೆಸಿದ್ದ ಕಾಲೇಜಿನ ಮೇಡಂ ಕಾರ್ಖಾನೆಯವರನ್ನು ಕರೆದುಕೊಂಡು ಬಂದರು. ಹುಲುಸಾದ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಬೋಳು ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು.

"ನಾವು ಇದರಲ್ಲಿ ಬಿತ್ತಿದ್ದು ರೋಗಾಣು, ಸಾರ್. ಈ ಎಣ್ಣೆಯ ಹತ್ತಿರ ಒಂದೂ ಉಳಿದಿಲ್ಲ, ನೋಡಿ. ನಿಮಗೆ ಬೇಕಾದ್ದು ಇದೇ," ಎಂದು ಮುಚ್ಚಳದ ಮೇಲಿನ ಹೆಸರು ಓದಿದರು: "ಪುಟ್ಟಮಾದ."