ಮತ ಬೀಳುವ ಬಾಗಿಲು

ಬಸ್ ನಿಲ್ದಾಣದ ಹೆಂಗಸರ ಕೋಣೆಗೆ ಯಾರನ್ನು ಬಿಡಬೇಕೆಂದು ಊರಿನವರೆಲ್ಲ ಫೋನಿನಲ್ಲೇ ಮತ ಹಾಕುತ್ತಿದ್ದರು. ಬಹುಮತ ಬಂದರಷ್ಟೇ ಬಾಗಿಲು ತೆರೆಯುತ್ತಿತ್ತು. ಆ ಬಾಗಿಲು ಕಾಯುವ ನೀಲವ್ವನಿಗೆ ಮತ ಹಾಕುವವರ ಜಗಳ ನೋಡಿ ನೋಡಿ ರೋಸಿಹೋಗಿತ್ತು.

ಅಂದು ಮಂಗಳಮುಖಿ ಚಾಂದನಿ ತಾನು ಸಾಕಿದ ಹುಡುಗಿಯನ್ನು ಕರೆತಂದಳು. ಹುಡುಗಿಯ ಲಂಗಕ್ಕೆ ಮೊದಲ ಮುಟ್ಟಿನ ಕಲೆಯಾಗಿತ್ತು.

"ಸಣ್ಣ ಹುಡುಗೀರಿಗೆ ಮತ ಬೇಕಿಲ್ಲ, ನೀ ಒಬ್ಬಾಕೀನ ಒಳಗ ಹೋಗವ್ವ," ಎಂದಳು ನೀಲವ್ವ.

"ಅವ್ವ ಬರದಿದ್ರ ನಾ ಒಲ್ಲೆ!" ಎಂದು ಹುಡುಗಿ ಅತ್ತಳು.

ಚಾಂದನಿಯನ್ನು ಬಿಡಬೇಕೋ ಬೇಡವೋ ಎಂದು ಮತದಾನ ಶುರುವಾಯಿತು. ಮಕ್ಕಳ ರಕ್ಷಣೆಯ ಹೆಸರಿನಲ್ಲಿ ಸಾವಿರಾರು ಜನ ಗೋಡೆಗೆ ಹಾಕಿದ ಟಿವಿ ಪರದೆಯ ಮೇಲೆ ಕಿತ್ತಾಡಿದರು. ಅರ್ಧ ಗಂಟೆಯಾದರೂ ಬಾಗಿಲು ತೆರೆಯಲಿಲ್ಲ.

ನೀಲವ್ವ ಉಸ್ಸೆಂದು ಎದ್ದು, ಚೀಲದಲ್ಲಿದ್ದ ಹಳೆ ಸೀರೆಯನ್ನು ಮೂಲೆಯ ಕಂಬಗಳಿಗೆ ಕಟ್ಟಿ ಮರೆ ಮಾಡಿದಳು. ತನ್ನದೇ ಪ್ಯಾಡ್ ಕೊಟ್ಟು, "ಇಬ್ರೂ ಹೋಗ್ರಿ," ಎಂದಳು.

ಸ್ವಲ್ಪ ಹೊತ್ತಿಗೆ ಚಾಂದನಿ ಸೀರೆ ಸರಿಸಿ ಇಣುಕಿದಳು. "ಯಕ್ಕಾ, ಇದನ್ನ ಹೆಂಗ ಇಡೂದು? ನನಗೂ ಗೊತ್ತಿಲ್ಲ."

ನೀಲವ್ವ ಸೀರೆಯ ಮರೆಯೊಳಗೆ ಹೋಗಿ ಇಬ್ಬರಿಗೂ ಕಲಿಸಿದಳು.