ನಳದ ಮೇಲಿನ ಕೈ

ಸೈದಪ್ಪ ಮಶೀನಿನ ಬಾಗಿಲು ತೆಗೆದು ಒಳಗೆ ಕೈ ಇಳಿಸಿದ. ತಳದಲ್ಲಿ ಮೂರು ಬೆರಳಿನಷ್ಟೂ ನೀರಿರಲಿಲ್ಲ. ಗೇಣುದ್ದ ಇರಬೇಕಾಗಿತ್ತು ಎಂದ.

ಸೋಲಾಪುರದ ಆ ಧರ್ಮಾಸ್ಪತ್ರೆಗೆ ಪರದೇಶದ ದಾನಿಗಳು ಕಳಿಸಿದ ಪಾತ್ರೆ ತೊಳೆಯುವ ಮಶೀನು ಅದು. ಬಂದು ಎರಡು ತಿಂಗಳಾಗಿತ್ತು. ರೋಗಿಗಳು ಉಂಡ ತಾಟುಗಳು ಅಂಚಿನಲ್ಲಿ ಬೇಳೆ ಒಣಗಿಸಿಕೊಂಡು ಒಳಗೆ ಹೋದಂತೆಯೇ ಹೊರಗೆ ಬರುತ್ತಿದ್ದವು. ಕಡೆಗೆ ಬಟ್ಟೆ ಗಿರಣಿಯಲ್ಲಿ ಫಿಟ್ಟರ್ ಆಗಿದ್ದ ಮಂದ್ರೂಪದ ಸೈದಪ್ಪನನ್ನು ಅವನ ರಜೆಯ ದಿನ ಕರೆಸಿದ್ದರು. ಅಡುಗೆಮನೆ ನೋಡಿಕೊಳ್ಳುವ ದ್ವಾರಕಾಬಾಯಿ ಪಕ್ಕದಲ್ಲೇ ನಿಂತಿದ್ದರು. ಅವಳು ಒಳಗೆ ಏನು ಕೆಡಿಸಿಟ್ಟು ಹೋಗಿದ್ದಾಳೆ ಅದನ್ನಷ್ಟು ಹುಡುಕು ಎಂದು ಅವನಿಗೆ ಮೊದಲೇ ಹೇಳಿದ್ದರು.

ಅವಳು ಎಂದರೆ ತಡವಳದ ಹುಚ್ಚವ್ವ. ಹನ್ನೊಂದು ವರ್ಷ ಆಸ್ಪತ್ರೆಯ ಮುಸುರೆ ತಿಕ್ಕಿದವಳು. ಮಶೀನು ಬಂದ ಎರಡನೆಯ ವಾರ ಅವಳು ಅದರ ಹಿಂದೆ ಕುಕ್ಕರಗಾಲಲ್ಲಿ ಕೂತು ನಳದ ಮೇಲೆ ಕೈಯಿಟ್ಟಿದ್ದನ್ನು ದ್ವಾರಕಾಬಾಯಿ ಕಂಡಿದ್ದರು. ತನ್ನ ಅನ್ನ ಕಸಿಯಲು ಬಂದ ಮಶೀನಿಗೆ ನೀರು ತಪ್ಪಿಸುತ್ತಿದ್ದಾಳೆ ಎಂಬುದರಲ್ಲಿ ಅವರಿಗೆ ಅನುಮಾನವೇ ಉಳಿಯಲಿಲ್ಲ. ಮಧ್ಯಾಹ್ನ ವ್ಯವಸ್ಥಾಪಕ ದಾಮೋದರಪಂತರಿಗೆ ಹೇಳಿದರು. ಸಂಜೆ ಹುಚ್ಚವ್ವನಿಗೆ ನಾಳೆಯಿಂದ ಬರಬೇಡ ಎಂದಾಯಿತು. ಅವಳು ಅಳಲಿಲ್ಲ, ಜಗಳ ತೆಗೆಯಲಿಲ್ಲ. ಮೋರಿಯಲ್ಲಿ ಉಳಿದಿದ್ದ ನಾಲ್ಕು ಪಾತ್ರೆಗಳನ್ನು ಬೆಳಗಿ, ಬೋರಲು ಹಾಕಿ, ಊರಿಗೆ ಹೊರಟುಹೋದಳು. ಅವಳು ಹೋದ ಮೇಲೂ ಮಶೀನಿನ ನೀರು ಹೆಚ್ಚಲಿಲ್ಲ.

ಸೈದಪ್ಪ ನಳ ನೋಡಿದ, ಪೂರಾ ತೆರೆದಿತ್ತು. ಕೊಳವೆ ಎಲ್ಲಿಯೂ ಮಡಚಿರಲಿಲ್ಲ. ನೀರು ಒಳಸೇರುವ ಬಾಯಿ ಬಿಚ್ಚಿ, ಹೆಬ್ಬೆರಳಿನಷ್ಟಿದ್ದ ಜಾಳಿಗೆಯನ್ನು ಹೊರಗೆಳೆದು, ಕಟ್ಟಿದ್ದ ಸುಣ್ಣವನ್ನು ಉಜ್ಜಿ ತೆಗೆದ. ಮತ್ತೆ ಚಾಲೂ ಮಾಡಿದರೆ ಅಷ್ಟೇ ನೀರು. ಆಗ ಕೊಳವೆಯ ತುದಿಯನ್ನು ಬಕೀಟಿಗೆ ಬಿಟ್ಟು, ಕೈಗಡಿಯಾರ ಹಿಡಿದು ಕೂತ. ಬಕೀಟು ತುಂಬಲು ನಾಲ್ಕು ಮಿನಿಟು ಹಿಡಿಯಿತು. ಎದ್ದು ಹೊರಗೆ ಹೋಗಿ ಮಾಳಿಗೆಯ ಮೇಲಿನ ನೀರಿನ ಟಾಕಿಯನ್ನು ಬಹಳ ಹೊತ್ತು ನೋಡಿದ.

"ಇದು ಗಡಿಯಾರದ ಲೆಕ್ಕಾ ಹಿಡದು ನೀರ ತಗೋತದರಿ ಬಾಯಾರ. ಎರಡ ಮಿನಿಟ ಆತಂದ್ರ ಬಂದ್. ಅಟರಾಗ ತುಂಬಬೇಕಂದ್ರ ನೀರಿಗೆ ಜೋರ ಬೇಕು. ನಿಮ್ಮ ಟಾಕಿ ಭಾಳ ತೆಳಗದ."

"ಯಾರರೆ ನಳ ತಿರುವಿ ಕೆಡಿಸಿದ್ರ?" ದ್ವಾರಕಾಬಾಯಿ ಕೇಳಿದರು.

"ಕೆಡಿಸಲಿಕ್ಕ ಇಲ್ಲಿ ಏನೂ ಇಲ್ಲರಿ. ಮೊದಲನೇ ದಿನಾನೂ ಇದು ಇಟೇ ನೀರ ತಗೊಂಡಿರಬೇಕು."

ದ್ವಾರಕಾಬಾಯಿ ಆ ಮಾತನ್ನು ಹಾಗೆಯೇ ದಾಮೋದರಪಂತರಿಗೆ ಮುಟ್ಟಿಸಿದರು. ಪಂತರು ಟಾಕಿ ಎತ್ತರಿಸುವ ವಿಚಾರವನ್ನು ಕಾಗದದ ಮೇಲೆ ಬರೆದುಕೊಂಡರು. ಹುಚ್ಚವ್ವನ ಮಾತು ಬಂದಾಗ, ನಾವಾಗಿ ಕರೆಯುವುದು ಸರಿಯಲ್ಲ, ಅವಳೇ ಬಂದು ಕೇಳಿದರೆ ನೋಡೋಣ ಎಂದರು.

ಎರಡು ರಾತ್ರಿ ದ್ವಾರಕಾಬಾಯಿಗೆ ನಿದ್ದೆ ಹತ್ತಲಿಲ್ಲ. ಆದಿತವಾರ ಬೆಳಿಗ್ಗೆ ಅಕ್ಕಲಕೋಟೆಗೆ ಹೋಗಿ, ಅಲ್ಲಿ ಬಸ್ಸು ಬದಲಿಸಿ ತಡವಳದಲ್ಲಿ ಇಳಿದರು. ಅದು ಎಪ್ಪತ್ತಮೂರರ ಬೇಸಿಗೆ. ಮನೆ ತೋರಿಸಲು ಬಂದ ಬೀರವ್ವನೆಂಬ ಹೆಂಗಸು ದಾರಿಯುದ್ದಕ್ಕೂ ಮಾತಾಡಿದಳು. ಹುಚ್ಚವ್ವ ಸರಕಾರದ ಬರಗಾಲದ ಕಾಮಗಾರಿಯಲ್ಲಿ ರಸ್ತೆಗೆ ಹಾಕುವ ಖಡಿಕಲ್ಲು ಒಡೆಯಲು ಹೋಗುತ್ತಿದ್ದಳಂತೆ. ಆ ಕೆಲಸ ಅವಳಿಗೆ ಹೊಸದಂತೆ. ಈಗ ಎಂಟು ದಿನದಿಂದ ಮನೆಯಲ್ಲೇ ಇದ್ದಾಳಂತೆ.

ಹುಚ್ಚವ್ವ ಕಟ್ಟೆಯ ಮೇಲೆ ಕೂತು ಎಡಗೈಯಿಂದ ಜೋಳದೊಳಗಿನ ಹರಳು ಆರಿಸುತ್ತಿದ್ದಳು. ಬಲಗೈಗೆ ಮಣಿಕಟ್ಟಿನವರೆಗೆ ಹಳೆಯ ಅರಿವೆ ಸುತ್ತಿತ್ತು. ಬಂದವರನ್ನು ಕಂಡು ಎದ್ದು ಕಂಬಳಿ ಹಾಸಿದಳು. ದ್ವಾರಕಾಬಾಯಿ ಕೂಡುವ ಮೊದಲೇ ಸೈದಪ್ಪ ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟರು. ಕಡೆಯ ಮಾತನ್ನು ಮಾತ್ರ ಕೂತ ಮೇಲೆ ಹೇಳಿದರು.

"ಪಂತರ ಮುಂದ ನಿನ್ನ ಹೆಸರು ಹೇಳಿದಾಕಿ ನಾನೇ, ಹುಚ್ಚವ್ವ."

"ಗೊತ್ತದರಿ. ಪಂತರು ನಿಮ್ಮ ಹೆಸರ ಹೇಳೇ ನನ್ನ ಕೆಲಸದಿಂದ ತಗದ್ರು." ಹುಚ್ಚವ್ವನ ದನಿಯಲ್ಲಿ ಸಿಟ್ಟಿರಲಿಲ್ಲ. "ನಳಕ್ಕ ಕೈ ಹಚ್ಚಿದ್ದು ಖರೇನ ಅದರಿ. ನೀರ ಕಡಿಮಿ ಬರಾಕತ್ತಿತ್ತು. ಇನ್ನ ಜರಾ ತೆರೀತದೇನು ಅಂತ ನೋಡಾಕತ್ತಿದ್ನಿ. ಹೊಲಸ ತಾಟಿನ್ಯಾಗ ರೋಗಿಗೋಳು ಹ್ಯಾಂಗ ಉಣ್ಣಬೇಕು?"

"ಮತ್ತ ಅವತ್ತ ಯಾಕ ಹೇಳಲಿಲ್ಲ?"

"ಯಾರೂ ಕೇಳಲಿಲ್ಲರಿ."

ಪಕ್ಕದ ಮನೆಯಲ್ಲಿ ಯಾರೋ ಬೀಸುಕಲ್ಲು ತಿರುವುತ್ತಿದ್ದರು. ದ್ವಾರಕಾಬಾಯಿ ಸೆರಗಿನಿಂದ ಮುಖ ಒರೆಸಿಕೊಂಡು, ನೀನು ನಾಳೆಯೇ ಬಾ, ಪಂತರಿಗೆ ನಾನು ಹೇಳುತ್ತೇನೆ, ಎಲ್ಲರ ಮುಂದೆ ಹೇಳುತ್ತೇನೆ ಎಂದರು. ಹುಚ್ಚವ್ವ ಕೇಳಿಸಿಕೊಂಡಳು. ಆಮೇಲೆ ಅರಿವೆ ಸುತ್ತಿದ ಕೈಯನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡಳು.

"ಇನ್ನ ಆ ಕೆಲಸ ನನ್ನ ಕಡಿಂದ ಆಗಂಗಿಲ್ಲರಿ ಬಾಯಾರ. ಚಾ ಮಾಡ್ತೀನಿ, ಕುಡದು ಹೋಗ್ರಿ."

ಒಳಗೆ ಎಡಗೈ ಒಂದರಿಂದಲೇ ಬೆಂಕಿಕಡ್ಡಿ ಕೊರೆಯುವ ಸದ್ದು ಕೇಳಿತು. ಒಂದು ಕಡ್ಡಿ ಆರಿತು, ಇನ್ನೊಂದು ಆರಿತು. ಚಹಾ ಬರುವವರೆಗೆ, ಬಂದ ಮೇಲೆ, ಬಸ್ಸಿನ ಹೊತ್ತಾಗಿ ಎದ್ದು ನಿಂತ ಮೇಲೂ, ಆ ಕೈಗೆ ಏನಾಯಿತು ಎಂದು ದ್ವಾರಕಾಬಾಯಿ ಕೇಳಲಿಲ್ಲ.