ಗಾಳಿ ಒಯ್ಯದ ಮಾತು

ಗಾಳಿಗೆ ಅದೇನು ಮಾಡಿದ್ದರೋ, ಆ ವಿಶ್ವವಿದ್ಯಾಲಯದೊಳಗೆ ‘ಜಾತಿ’ ಎಂದರೆ ದನಿ ಹೊರಡುತ್ತಿರಲಿಲ್ಲ, ತುಟಿಯಷ್ಟೇ ಆಡುತ್ತಿತ್ತು. ಎಲ್ಲರಿಗೂ ರೂಢಿಯಾಗಿಹೋಗಿತ್ತು. ದೂರನ್ನು ಮಾತ್ರ ಬಾಯಲ್ಲೇ ಹೇಳಬೇಕೆಂಬುದು ಅಲ್ಲಿಯ ಕಾನೂನು.

ಗೆಳತಿ ದುರುಗವ್ವಳನ್ನು ಹಾಸ್ಟೆಲಿನ ಊಟದ ಪಂಕ್ತಿಯಿಂದ ಎಬ್ಬಿಸಿದ್ದೇಕೆಂದು ಇವತ್ತು ಹೇಳದಿದ್ದರೆ, ಜಗಳಗಂಟಿಯೆಂದು ದುರುಗವ್ವಳನ್ನೇ ಹೊರಹಾಕುತ್ತಿದ್ದರು. ನೀಲಮ್ಮ ವಿಚಾರಣೆಯ ಸಾಹೇಬರ ಮುಂದೆ ಮೂರನೆಯ ಸಲ ಬಾಯಿ ತೆರೆದಳು.

“ಜೋರಾಗಿ ಹೇಳವಾ, ಏನೂ ಕೇಳಸವಲ್ದು,” ಎಂದು ಸಾಹೇಬರು ಚಹಾ ಹೀರಿದರು. “ಮೀನಿನಂಗ ಯಾಕ ಬಾಯಿ ಬಿಡ್ತಿ?”

ನೀಲಮ್ಮ ಬಾಗಿಲತ್ತ ತಿರುಗಿದಳು. “ಬರ್ರೇ, ಎಲ್ಲಾರೂ ಕೂಡೇ ಅನ್ನೂಣು,” ಎಂದು ಬಾಗಿಲಾಚೆ ಧರಣಿ ಕುಳಿತ ಹುಡುಗಿಯರನ್ನು ಕೂಗಿದಳು.

ನಲವತ್ತು ಬಾಯಿಗಳು ಒಟ್ಟಿಗೆ ತೆರೆದವು. ಫ್ಯಾನಿನ ಸದ್ದೊಂದೇ. ಮತ್ತೆ ಅಂದರು, ಮತ್ತೊಮ್ಮೆ ಅಂದರು. ಏನೂ ಕೇಳದ ಸಾಹೇಬರು ಲೋಟ ಕೆಳಗಿಟ್ಟು, ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡರು.